ಮೇಪಲ್ ಬಟ್ಟಲಿನ ಹಸಿರು ಕಿಲುಬು

ನನ್ನಂಥ ಹಳೆ ಸಾಮಾನಿನ ವ್ಯಾಪಾರಿಯ ಕಣ್ಣಿಗೆ ಲೋಯಿಸ್ ವಾಡ್ಲಿ ಬೇಗ ಬಿಕರಿಯಾಗುವ ಮಾಲಲ್ಲ. ಮೊಣಕೈ ಸವೆದ ಸ್ವೆಟರ್, ಕೊರಳಲ್ಲಿ ಭೂತಗನ್ನಡಿ, ಚೌಕಾಸಿಗೆ ಬಗ್ಗದ ನಾಲಿಗೆ. ಆದರೆ ಒಳಗಿನ ಮರ ಗಟ್ಟಿ. ಮ್ಯಾಸಚೂಸೆಟ್ಸಿನ ನಮ್ಮೂರ ಮ್ಯೂಸಿಯಮ್ಮಿನಲ್ಲಿ ಕೂತು, ಹದಿನೇಳನೆಯ ಶತಮಾನದ ಪ್ಯೂರಿಟನ್ ಕ್ರೈಸ್ತರ ಕಾಲದವರ ಭಕ್ತಿಯನ್ನು ಅವರು ಬಿಟ್ಟುಹೋದ ಪಾತ್ರೆಪಗಡೆಗಳಲ್ಲಿ ಓದುವುದು ಅವಳ ಕಸುಬು.

ಅವಳಿಗೆ ಹೆಸರು ತಂದದ್ದು ಒಂದು ಮೇಪಲ್ ಮರದ ಬಟ್ಟಲು. ಆ ಕಾಲದಲ್ಲಿ ಕ್ರೈಸ್ತರಾದ ಇಲ್ಲಿನ ಮೂಲನಿವಾಸಿ ನಿಪ್ಮಕ್ ಜನ ಚರ್ಚಿನ ಪ್ರಭುಭೋಜನದ ರೊಟ್ಟಿಯನ್ನು ಇದರಲ್ಲೇ ಹಂಚಿಕೊಂಡರೆಂದು ಪುಸ್ತಕ ಬರೆದಿದ್ದಳು. ಸಾಕ್ಷಿ, ಬಟ್ಟಲಿನ ಒಂದು ಮಗ್ಗುಲಿಗೆ ಹಿಡಿದ ತಾಮ್ರದ ಹಸಿರು ಕಿಲುಬು, ಅದರಲ್ಲಿ ಮೂಡಿದ್ದ ನೇಯ್ಗೆಯ ಅಚ್ಚು. ಪೂಜೆಯ ಮೇಜಿನ ಬಿಳಿ ಲಿನನ್ ಬಟ್ಟೆಯದೇ ಅಚ್ಚು ಎಂದು ತೀರ್ಮಾನಿಸಿದ್ದಳು. ಚಿಕ್ಕಂದಿನಿಂದ ಊರ ಚರ್ಚಿನ ಅಂಥದೇ ಬಟ್ಟೆಗೆ ಇಸ್ತ್ರಿ ಹಾಕಿದ ಕೈ, ನೇಯ್ಗೆ ಕಂಡರೆ ಇನ್ನೇನು ಹೊಳೆದೀತು?

ಮಾರ್ಚ್ ತಿಂಗಳಲ್ಲಿ ನಿಪ್ಮಕ್ ಹಿರಿಯಳು ಡಾರ್ಕಸ್ ಹಾಕೆಟ್ ಬಂದು ಬಟ್ಟಲು ವಾಪಸ್ ಕೇಳಿದಳು.

"ಇದು ಗೋರಿಯಿಂದ ಕಿತ್ತದ್ದು, ಮಗಳೇ. ನಮ್ಮಜ್ಜಿ ಹೇಳ್ತಿದ್ಲು."

"ಅಜ್ಜಿ ಮಾತು ಸಾಕ್ಷಿ ಆಗಲ್ಲಮ್ಮ," ಎಂದಳು ಲೋಯಿಸ್.

"ನಿನ್ನ ಪುಸ್ತಕ ಓದಿದೀನಿ. ನಿಮ್ಮ ಚರ್ಚಿನ ಮೇಜುಬಟ್ಟೆ ಸಾಕ್ಷಿ ಆಗುತ್ತೆ, ನಮ್ಮಜ್ಜಿ ಆಗಲ್ಲ. ಸರಿಹೋಯ್ತು ಬಿಡು!"

ಮಾತು ನಾಟಿತು. ಲೋಯಿಸ್ ಬಟ್ಟಲನ್ನು ಮತ್ತೆ ಭೂತಗನ್ನಡಿಯಡಿ ಹಿಡಿದಳು. ಎಳೆಗಳು ನೂಲಿನವಲ್ಲ, ಚಪ್ಪಟೆ, ಅಗಲ. ಜೊಂಡಿನ ಚಾಪೆ, ನಿಪ್ಮಕ್ ಜನ ಹಿಂದೆ ಹೆಣ ಸುತ್ತಿ ಮಣ್ಣು ಮಾಡುತ್ತಿದ್ದಂಥದ್ದು. ಗೋರಿಯೊಳಗೆ ಜೊತೆಗಿಟ್ಟ ತಾಮ್ರದ ಪಾತ್ರೆಯ ಕಿಲುಬೇ ಮರವನ್ನು ಕೊಳೆಯಗೊಡದೆ ಕಾದಿತ್ತು. ಹೊಸ ದೇವರನ್ನು ಒಪ್ಪಿಕೊಂಡವರು ಸತ್ತವರನ್ನು ಹಳೆಯ ರೀತಿಯಲ್ಲೇ ಕಳಿಸಿಕೊಟ್ಟಿದ್ದರು. ಅವಳ ಪುಸ್ತಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಅವಳು ಕಂಡದ್ದನ್ನು ಹೇಳಿದಾಗ ಮ್ಯೂಸಿಯಮ್ಮಿನ ನಿರ್ದೇಶಕ ತಲೆ ಹಿಡಿದುಕೊಂಡ. "ನಿನ್ನನ್ಯಾರು ಕೇಳಿದ್ರು? ಗೋರೀದು ಅಂತ ಬರೆದುಕೊಟ್ಯೋ, ಕಾನೂನು ಪ್ರಕಾರ ವಾಪಸ್ ಕೊಡ್ಲೇಬೇಕು. ಬಟ್ಟಲೂ ಹೋಯ್ತು, ನಿನ್ನ ಪುಸ್ತಕಾನೂ ಹೋಯ್ತು."

"ಪುಸ್ತಕ ಆಗ್ಲೇ ಹೋಯ್ತು ಸಾರ್. ಓದೋರಿಗಿನ್ನೂ ಗೊತ್ತಿಲ್ಲ, ಅಷ್ಟೇ."

ಬರೆದುಕೊಟ್ಟಳು. ಬಟ್ಟಲು ಒಯ್ಯಲು ಬಂದ ಡಾರ್ಕಸ್ ಅದನ್ನು ಎದೆಗೆ ಅವಚಿಕೊಂಡು, "ಇಷ್ಟು ವರ್ಷ ಚೆನ್ನಾಗಿ ದೂಳು ಒರೆಸಿದೀಯ," ಎಂದಳು. ಹೊಗಳಿಕೆಯೋ ಕುಟುಕೋ ಲೋಯಿಸಳಿಗೆ ಇಂದಿಗೂ ತಿಳಿದಿಲ್ಲ. ಬಟ್ಟಲು ಮಣ್ಣಿಗೆ ಮರಳಿದ ದಿನ ಅವಳನ್ನು ಯಾರೂ ಕರೆಯಲಿಲ್ಲ, ಅವಳೂ ಕೇಳಲಿಲ್ಲ. ಚರ್ಚಿನ ಮೇಜುಬಟ್ಟೆಗೆ ಈಗ ಬೇರೆ ಯಾರೋ ಇಸ್ತ್ರಿ ಹಾಕುತ್ತಾರೆ.

ನನ್ನ ಅಂಗಡಿಗೆ ಯಾರು ಏನೇ ತಂದರೂ, ಬೆಲೆಗೆ ಮೊದಲು ಅದು ಎಲ್ಲಿತ್ತು ಎಂದು ಕೇಳುತ್ತೇನೆ. ಇದರಿಂದ ವ್ಯಾಪಾರ ಕಮ್ಮಿಯಾಗಿದೆ. ಆ ಪ್ರಶ್ನೆ ನನಗೆ ಸಿಕ್ಕಿದ್ದು ಲೋಯಿಸ್ ವಾಡ್ಲಿಯಿಂದ.