ರಾಡಿ ಅಳೆಯುತ್ತಿದ್ದ ಬಿದಿರು

ಈ ಬೇಸಿಗೆಯಲ್ಲಿ ನಮ್ಮೂರ ಕೆರೆಯ ಹೂಳನ್ನೂ ನೀರೆಂದೇ ಲೆಕ್ಕ ಹಿಡಿದು ನಮ್ಮ ಕುಡಿಯುವ ನೀರಿನ ಟ್ಯಾಂಕರ್ ನಿಲ್ಲಿಸಿದ್ದಾರೆ. ಅಳತೆಗೆ ಬಂದ ಅಧಿಕಾರಿ ಕಟ್ಟೆಯ ಗೋಡೆಯ ಮೇಲಿನ ನೀರಿನ ಮಟ್ಟದ ಗೀಟುಗಳನ್ನು ದೂರದಿಂದಲೇ ನೋಡಿ, "ಪಾಣೀ ಆಹೇ", ನೀರಿದೆ, ಎಂದು ಮರಾಠಿಯಲ್ಲಿ ಹೇಳಿ ಗುಂಜೋಟಿ ರಸ್ತೆ ಹಿಡಿದರು.

ಜೀಪು ಹೋದಮೇಲೆ ಕೆರೆಯಂಚಿನ ಕರಿ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ತೂಬು ಕಾಯುತ್ತಿದ್ದ ಸಂಗಪ್ಪ ಕಾಕಾ ನೆನಪಾದರು.

ಬೇಸಿಗೆ ಬಂತೆಂದರೆ ಅವರು ಎದೆಮಟ್ಟ ನೀರಿಗಿಳಿದು, ಗಟ್ಟಿ ನೆಲ ತಾಗುವವರೆಗೆ ಬಿದಿರು ಚುಚ್ಚಿ ಮೇಲೆತ್ತುತ್ತಿದ್ದರು. ತಳಕ್ಕೆ ರಾಡಿ ಮೆತ್ತಿರುತ್ತಿತ್ತು. ಅದರ ಮೇಲಿನ ಒದ್ದೆಯನ್ನು ಮಾತ್ರ ಗೇಣು ಹಾಕಿ ಅಳೆಯುತ್ತಿದ್ದರು.

"ಕೋಲು ಇಷ್ಟುದ್ದ ತೊಯ್ದದ, ಅರ್ಧಾನೇ ಯಾಕ ಅಳೀತೀರಿ ಕಾಕಾ? ಕಣ್ಣ ಮಂಜಾಗ್ಯಾವೇನ್ರೀ?" ಎಂದು ಒಮ್ಮೆ ನನ್ನವ್ವ ಕಾಡಿಸಿದಳು.

"ಉಳಿದದ್ದು ರಾಡಿ, ತಂಗಿ. ನಿನ್ನ ಬೀಗರು ಬಂದಾಗ ಅದನ್ನೇ ತಂಬಿಗಿ ತುಂಬಿ ಕೊಡು. ರಾಡಿ ಕುಂತ ಜಾಗಾದಾಗ ನೀರ ಎಲ್ಲಿ ಕುಂದರಬೇಕು?"

ರಾಡಿ ಎಷ್ಟಿದೆಯೆಂದು ನೋಡಿ ಮನೆಮನೆಗೂ ಹೂಳೆತ್ತುವ ಪಾಲು ಹಂಚುತ್ತಿದ್ದರು. ದೇವಣಿ ಎತ್ತುಗಳು ಅದನ್ನು ಹೊಲಗಳಿಗೆ ಎಳೆಯುತ್ತಿದ್ದವು. ತೆಗೆದಷ್ಟು ಜಾಗದಲ್ಲಿ ಮುಂದಿನ ಮಳೆ ನಿಲ್ಲುತ್ತಿತ್ತು. ಕೆರೆ ಎಂದರೆ ಅಷ್ಟೇ, ನೀರಿಗಾಗಿ ನಾವು ಖಾಲಿ ಇಟ್ಟ ಜಾಗ.

ಈಗ ನೀರಿರುವ ಕೆರೆಯ ಹೂಳೆತ್ತಲು ಅನುಮತಿಯಿಲ್ಲ, ನೀರಿರುವ ಊರಿಗೆ ಟ್ಯಾಂಕರ್ ಇಲ್ಲ. ಆ ಅಧಿಕಾರಿಯ ಒಂದೇ ಕಾಗದ ಎರಡೂ ಬಾಗಿಲು ಮುಚ್ಚಿದೆ. ಅಂದು ಕಾಡಿಸಿದ ಅವ್ವ ಇಂದು ಕೆಸರುನೀರನ್ನು ಸೋಸಿ ಕುಡಿಯುತ್ತಿದ್ದಾಳೆ.

ಕಾಕಾನ ಬಿದಿರು ನಮ್ಮ ಅಟ್ಟದಲ್ಲಿದೆ, ಕಟ್ಟೆಗೆ ತಂದಿಡುತ್ತೇನೆ. "ನೀರಿದೆ" ಎಂದು ಸಹಿ ಹಾಕಿದವರು ಬಂದು ಊರೆದುರು ಅದನ್ನು ಇಳಿಸಿ ಎತ್ತಲಿ. ಒದ್ದೆ ಎಷ್ಟು, ರಾಡಿ ಎಷ್ಟು? ಎಲ್ಲರಿಗೂ ಕೇಳುವಂತೆ ಹೇಳಲಿ.