ಕಲ್ಲು ಆಯುವ ಕ್ಯಾಪ್ಟನ್

ಸೂರ್ಯ ಇನ್ನೂ ಮೇಲೆ ಬಂದಿಲ್ಲ. ಜೋರ್ಡಾನ್‌ನ ಮಫ್ರಕ್ ಪಟ್ಟಣದಾಚೆ, ಸಿರಿಯನ್ನರ ಶಿಬಿರದ ತಗಡಿನ ಮನೆಗಳ ಸಾಲು ಮುಗಿಯುವ ಬಯಲಲ್ಲಿ, ಐವತ್ತು ದಾಟಿದ ಇಂಶಿರಾಹ್ ಮಸಾಲ್ಮೆ ಬಕೆಟ್ ಹಿಡಿದು ಕಲ್ಲು ಆಯುತ್ತಿದ್ದಾರೆ. ದಿನಕ್ಕೆ ನಾಲ್ಕು ಬಕೆಟ್.

"ಹುಡುಗೀರ ಮಂಡಿ ಒಡೆದ್ರೆ ಅವರಮ್ಮಂದಿರು ನನ್ನ ತಲೆ ಒಡೀತಾರೆ," ಎಂದು ನಗುತ್ತಾರೆ.

ಸಿರಿಯಾದ ದರಾ ಊರಿನಲ್ಲಿ ಅವರು ಶಾಲೆಯ ವ್ಯಾಯಾಮ ಶಿಕ್ಷಕಿಯಾಗಿದ್ದರು. ಯುದ್ಧದಲ್ಲಿ ಶಾಲೆಯೂ ಹೋಯಿತು, ಅಣ್ಣನೂ ಹೋದ. ಗಡಿ ದಾಟಿ ಬಂದವರು ಎರಡು ವರ್ಷ ಹೊಸಿಲು ದಾಟಿದ್ದೇ ಅಪರೂಪ. ಒಂದು ಸಂಜೆ ಬಾಗಿಲಿಗೆ ಏನೋ ಬಡಿಯಿತು. ಬೈಯಲೆಂದು ಹೊರಬಂದರೆ, ಹುಡುಗಿಯರು ಚಿಂದಿ ಸುತ್ತಿದ ಚೆಂಡು ಒದೆಯುತ್ತಿದ್ದರು.

"ಎಷ್ಟು ಕೆಟ್ಟದಾಗಿ ಒದೀತಿದ್ರು ಅಂದ್ರೆ, ನೋಡ್ಕೊಂಡು ಸುಮ್ನಿರೋಕೆ ಆಗ್ಲಿಲ್ಲ!"

ಅಂದಿನಿಂದ ಮಕ್ಕಳ ಬಾಯಲ್ಲಿ ಅವರು 'ಕ್ಯಾಪ್ಟನ್'. ಈಗ ತಂಡದಲ್ಲಿ ಇಪ್ಪತ್ತಾರು ಹುಡುಗಿಯರು, ಐದು ಚೆಂಡು, ಹದಿನೆಂಟು ಜೊತೆ ಬೂಟು. ಬೂಟಿಗೆ ಪಾಳಿ.

ಕಳೆದ ವಸಂತದಲ್ಲಿ ಪಟ್ಟಣದ ತಂಡದೊಡನೆ ಪಂದ್ಯಕ್ಕೆ ಮೂರೇ ದಿನ ಇರುವಾಗ ಗೋಲ್‌ಕೀಪರ್ ತುಕಾ ಬರಲಿಲ್ಲ. ಹದಿಮೂರು ತುಂಬಿತು, ಆಡಿದ್ದು ಸಾಕು ಎಂದು ಅಜ್ಜಿ ಉಮ್ಮ್ ಅದ್ನಾನ್ ತಡೆದಿದ್ದರು. ಇಂಶಿರಾಹ್ ನೇರವಾಗಿ ಆ ಅಜ್ಜಿಯ ಮನೆಗೇ ಹೋಗಿ ಕುಳಿತರು.

"ಹೆಣ್ಣುಮಗು ಎಲ್ಲರೆದುರು ಮಣ್ಣಲ್ಲಿ ಹೊರಳಾಡೋದಾ? ನಿನಗೆ ನಾಚಿಕೆ ಆಗಲ್ವೇನೇ?" ಎಂದರು ಅಜ್ಜಿ.

"ಇಲ್ಲ ದೊಡ್ಡಮ್ಮ. ಬೀಳ್ತಾಳೆ, ಏಳ್ತಾಳೆ, ಚೆಂಡು ಮಾತ್ರ ಬಿಡಲ್ಲ. ಒಂದ್ಸಲ ಬಂದು ನೋಡಿ. ಬೇಡ ಅನ್ನಿಸಿದ್ರೆ ಅಲ್ಲಿಂದಲೇ ಕರ್ಕೊಂಡ್ಹೋಗಿ."

ಮೂರು ಲೋಟ ಚಹಾ ಮುಗಿದ ಮೇಲೆ ಅಜ್ಜಿ ಒಪ್ಪಿದರು.

ಪಂದ್ಯದ ದಿನ ಪ್ಲಾಸ್ಟಿಕ್ ಕುರ್ಚಿಯೊಂದಿಗೆ ಬಂದು ಗೋಲಿನ ಪಕ್ಕದಲ್ಲೇ ಕುಳಿತರು. ಎದುರಾಳಿ ಹುಡುಗಿಯೊಬ್ಬಳು ನುಗ್ಗಿ ಬಂದಳು. ತುಕಾ ಅವಳ ಕಾಲಡಿಗೇ ಹಾರಿ ಚೆಂಡನ್ನು ಅಪ್ಪಿಕೊಂಡಳು. ಮೊಣಕೈಯಲ್ಲಿ ರಕ್ತ. ಇನ್ನು ಕತೆ ಮುಗಿಯಿತೆಂದು ಇಂಶಿರಾಹ್ ಅಜ್ಜಿಯತ್ತ ತಿರುಗಿದರೆ, ಅವರು ಎದ್ದು ನಿಂತು ಕೂಗುತ್ತಿದ್ದರು: "ಏ ರೆಫರಿ! ಕಣ್ಣು ಮನೇಲಿಟ್ಟು ಬಂದಿದ್ದೀಯಾ? ನನ್ನ ಮೊಮ್ಮಗಳನ್ನ ತುಳಿದ್ಲಲ್ಲೋ!"

ಪಂದ್ಯ ಒಂದು-ಒಂದರಲ್ಲಿ ನಿಂತಿತು. ಅಜ್ಜಿ ಈಗ ಯಾವ ಪಂದ್ಯವನ್ನೂ ತಪ್ಪಿಸುವುದಿಲ್ಲ. ಕ್ಯಾಪ್ಟನ್ನಿಗೂ ಆಗಾಗ ಬೈಗುಳ ಬೀಳುತ್ತದೆ.

ಎಲ್ಲರೂ ತಂಡದಲ್ಲಿ ಉಳಿಯುವುದಿಲ್ಲ. ಈ ವರ್ಷ ಇಬ್ಬರ ಮನೆಯವರು ಊರಿಗೆ ಮರಳಿದರು. ಅವರ ಕಾಲಿನ ಬೂಟು ವಾಪಸು ಕೇಳಲು ಇಂಶಿರಾಹ್‌ಗೆ ಮನಸ್ಸಾಗಲಿಲ್ಲ.

ಏನು ಸಿಕ್ಕಿತು ಇದರಿಂದ ಎಂದು ಕೇಳಿದರೆ, ಹಣೆಯ ಬೆವರೊರೆಸಿಕೊಂಡು ಹೇಳುತ್ತಾರೆ: "ಮೊನ್ನೆ ಯಾರೋ ದೊಡ್ಡ ಮನುಷ್ಯರು ಬಂದಿದ್ರು. 'ನೀನು ಯಾರಮ್ಮ?' ಅಂತ ನಮ್ಮ ಚಿಕ್ಕ ಹುಡುಗೀನ ಕೇಳಿದ್ರು. ನಿರಾಶ್ರಿತೆ ಅನ್ಲಿಲ್ಲ ಅವಳು. 'ನಾನು ಎಡಗಡೆ ಡಿಫೆನ್ಸು' ಅಂದ್ಲು. ಅವರಿಗೆ ಅರ್ಥ ಆಗ್ಲಿಲ್ಲ. ನನಗೆ ಅಷ್ಟು ಸಾಕು."