ಪದ್ಮವ್ವನ ಊರು ಹೊತ್ತ ಡಬ್ಬಿ

ಅತ್ತೆ ಪದ್ಮವ್ವನವರ ಹಿತ್ತಾಳೆ ಡಬ್ಬಿ ಎಲ್ಲಿ ಕಳೆದುಹೋಗುವುದೋ ಎಂಬ ಚಿಂತೆ ನನ್ನನ್ನು ಬಿಡಲೊಲ್ಲದು. ಹಿಡಕಲ್ ಡ್ಯಾಮಿನ ನೀರಲ್ಲಿ ಮುಳುಗಿದ ತಮ್ಮ ತವರೂರಿನ ಹೆಸರನ್ನು ಅದರ ಮೇಲೆ ಕೊರೆಸಿದ್ದಾರೆ. ಪಂಚಮಿಗೆ ಉಂಡಿ ತುಂಬಿ ಗೋಕಾಕದಿಂದ ಮೂಡಲಗಿಗೆ, ಮುಳುಗಿದ ಆ ಊರಿನವರೊಬ್ಬರ ಮನೆಗೆ ಕಳಿಸುತ್ತಾರೆ. ಅವರು ಅದನ್ನು ಮರಳಿಸದೆ, ಮತ್ತೇನೋ ತುಂಬಿ ಬೇರೆ ಕಡೆ ನೆಲೆಸಿದ ತಮ್ಮೂರಿನವರ ಇನ್ನೊಂದು ಮನೆಗೆ ದಾಟಿಸುತ್ತಾರೆ.

“ಕಳದ್ರ ನಿಮ್ಮ ಮೊಮ್ಮಗಳಿಗೆ ಏನು ತೋರಸೂದ್ರಿ, ಅತ್ತಿ?” ಅಂದೆ.

“ಕಪಾಟಿನ್ಯಾಗ ಇಟ್ರ ಅದು ಬರೇ ಡಬ್ಬಿ, ಹುಚ್ಚಿ!” ಎಂದು ನಕ್ಕರು.

ತಲೆಬುಡ ತಿಳಿಯಲಿಲ್ಲ. ವಾಪಸ್ ಕೇಳಬೇಕೆಂದೇ ಎಸ್‌ಟಿಡಿ ಬೂತಿನಿಂದ, ಈ ಸಲ ಡಬ್ಬಿ ಹೋಗಿದ್ದ ಹುಕ್ಕೇರಿಯ ಶುಭಾಂಗಿಗೆ ಫೋನ್ ಮಾಡಿದೆ.

“ಇಲ್ಲೇ ಐತ್ರಿ ವೈನಿ. ನಮ್ಮವ್ವ ಆ ಹೆಸರಿನ ಮ್ಯಾಲ ಕೈಯಾಡಿಸಿ, ಮಕ್ಕಳಿಗೆ ಊರಿನ ಓಣಿ ಓಣಿ ಹೇಳಾಕತ್ತಾಳ. ವಾಪಸ್ ಕಳಸ್ಲೇನ್ರಿ?”

ನನಗೇನಾಯಿತೋ, “ಬ್ಯಾಡ, ಮುಂದಿನ ಮನಿಗೇ ಕಳಸ್ರಿ,” ಅಂದುಬಿಟ್ಟೆ.